ದೂರದರ್ಶಕದ ಕಂಬಕ್ಕೆ ನೆಲ ನೋಡುವುದು: ಶಿರಸಿಯ ಚಿರೆಕಲ್ಲಿನಿಂದ ಕಾರವಾರದ ಮರಳಿನವರೆಗೆ

ಹತ್ತು ಹನ್ನೆರಡು ಇಂಚಿನ ದೂರದರ್ಶಕ, ಅದನ್ನು ಹೊತ್ತು ತಿರುಗಿಸುವ ಮೌಂಟು, ಎದುರುತೂಕ, ಕ್ಯಾಮೆರಾ ಎಲ್ಲ ಸೇರಿದರೂ ತೂಕ 100 ಕಿಲೋದ ಆಸುಪಾಸು. ಅದಕ್ಕೆ 1.2 ಮೀಟರ್ ಚೌಕದ, 40 ಸೆಂ.ಮೀ. ದಪ್ಪದ ಕಾಂಕ್ರೀಟ್ ಪಾಯ ಹಾಕಿ, ಮೇಲೆ 40 ಸೆಂ.ಮೀ. ವ್ಯಾಸದ 2 ಮೀಟರ್ ಕಂಬ ಎಬ್ಬಿಸಿದರೆ ಒಟ್ಟು ಭಾರ ಸುಮಾರು 2.2 ಟನ್. ನೆಲದ ಮೇಲೆ ಬೀಳುವ ಒತ್ತಡ ಚದರ ಮೀಟರಿಗೆ ಒಂದೂವರೆ ಟನ್ ಮಾತ್ರ. ಸಾಧಾರಣ ಮನೆಯ ಗೋಡೆಯ ಪಾಯ ಇದರ ಎಷ್ಟೋ ಪಟ್ಟು ಒತ್ತುತ್ತದೆ. ಹಾಗಾಗಿ ‘ಈ ನೆಲ ಭಾರ ತಡೆಯುತ್ತದೆಯೇ’ ಎಂದು ಮೇಸ್ತ್ರಿಯನ್ನು ಕೇಳಿದರೆ ಹೆಚ್ಚಿನ ಕಡೆ ‘ಧಾರಾಳ’ ಎಂದೇ ಹೇಳುತ್ತಾರೆ. ಅವರು ಹೇಳುವುದು ಸರಿ, ಆದರೆ ಪ್ರಶ್ನೆಯೇ ಬೇರೆ ಇದೆ. ಮೇ ತಿಂಗಳಲ್ಲಿ ಇದ್ದ ಹಾಗೆಯೇ ಈ ನೆಲ ಅಕ್ಟೋಬರಿನಲ್ಲೂ ಇರುತ್ತದೆಯೇ ಎಂಬುದು ನಮಗೆ ಬೇಕಾದ ಪ್ರಶ್ನೆ.

1.2 ಮೀಟರ್ ಅಗಲದ ಪಾಯ ಒಂದು ಬದಿಯಲ್ಲಿ ಬರೀ 1 ಮಿ.ಮೀ. ಕುಸಿಯಿತು ಎನ್ನಿ. ಕಂಬ ಸುಮಾರು 170 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು), ಅಂದರೆ ಹತ್ತಿರ ಹತ್ತಿರ 3 ಆರ್ಕ್‌ಮಿನಿಟ್ ವಾಲುತ್ತದೆ. ಧ್ರುವಕ್ಕೆ ಹೊಂದಿಸಿದ ಮೌಂಟಿನ ಅಕ್ಷ ಇಷ್ಟು ತಪ್ಪಿದರೆ ನಕ್ಷತ್ರ ಕ್ಯಾಮೆರಾದಲ್ಲಿ ನಿಮಿಷಕ್ಕೆ ಮುಕ್ಕಾಲು ಆರ್ಕ್‌ಸೆಕೆಂಡಿನವರೆಗೆ ಸರಿಯುತ್ತದೆ. ಐದು ನಿಮಿಷದ ಚಿತ್ರ ಹಾಳು. ಮನೆಯ ಗೋಡೆ 1 ಮಿ.ಮೀ. ಇಳಿದರೆ ಯಾರ ಗಮನಕ್ಕೂ ಬಾರದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ 1 ಮಿ.ಮೀ. ಬರುವುದು ಭಾರದಿಂದಲ್ಲ, ಮಳೆಗಾಲದ ನೀರಿನಿಂದ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಆಕಾಶ ನೋಡುವ ಕಾಲ ನವೆಂಬರಿನಿಂದ ಏಪ್ರಿಲ್. ಎಲ್ಲರೂ ಜಾಗ ನೋಡುವುದೂ ಆ ಒಣ ತಿಂಗಳುಗಳಲ್ಲೇ. ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಒಂದು ವರ್ಷ ತಡವಾದರೂ ಚಿಂತೆಯಿಲ್ಲ, ಆಯ್ದ ಜಾಗವನ್ನು ಜುಲೈ–ಆಗಸ್ಟಿನಲ್ಲಿ ಒಮ್ಮೆ, ಏಪ್ರಿಲ್–ಮೇನಲ್ಲಿ ಒಮ್ಮೆ ನೋಡಿಯೇ ತೀರಬೇಕು.

ಅಗೆಯುವ ಮೊದಲು

ಶಿರಸಿ 14.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಕಾರವಾರ 14.8ರಲ್ಲಿ. ಧ್ರುವ ನಕ್ಷತ್ರ ನಮ್ಮಲ್ಲಿ ದಿಗಂತದಿಂದ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಉತ್ತರ ದಿಕ್ಕಿಗೆ 15 ಮೀಟರ್ ಎತ್ತರದ ಅಡಿಕೆ ತೋಟವಿದ್ದರೆ ಅದರಿಂದ ಸುಮಾರು 60 ಮೀಟರ್ ಹಿಂದೆ ಸರಿದರೆ ಮಾತ್ರ ಧ್ರುವ ಕಾಣುತ್ತದೆ. ಗುಡ್ಡದ ತೆಂಕಣ ಮಗ್ಗುಲಿನಲ್ಲಿ ಜಾಗವಿದ್ದರೆ ಬೆನ್ನ ಹಿಂದಿನ ಗುಡ್ಡವೇ ಅದನ್ನು ಮುಚ್ಚಬಹುದು. ದಿಕ್ಸೂಚಿ ಮತ್ತು ಮೊಬೈಲಿನ ಇಳಿಜಾರು ಮಾಪಕ ಹಿಡಿದು ಇದನ್ನು ಮೊದಲೇ ನೋಡಿ. ಧ್ರುವ ಕಾಣದಿದ್ದರೂ ನಕ್ಷತ್ರಗಳ ಸರಿಯುವಿಕೆ ನೋಡಿ ಮೌಂಟು ಹೊಂದಿಸಬಹುದು, ಆದರೆ ಕಂಬ ವಾಲಿದೆಯೇ ಎಂದು ಪ್ರತಿ ತಿಂಗಳು ತಪಾಸಣೆ ಮಾಡಲು ಧ್ರುವದ ಕಡೆ ತೆರೆದ ಆಕಾಶವಿದ್ದರೆ ಕೆಲಸ ಎಷ್ಟೋ ಹಗುರ.

ಕಾಗದಪತ್ರದ ವಿಷಯ ಎರಡೇ ಮಾತಿನಲ್ಲಿ: ಸೊಪ್ಪಿನ ಬೆಟ್ಟದಲ್ಲಿ ತೋಟದವರಿಗೆ ಇರುವುದು ಸೊಪ್ಪು ತರಗೆಲೆಯ ಹಕ್ಕು, ಕಟ್ಟಡದ ಹಕ್ಕಲ್ಲ, ಕರಾವಳಿಯಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಎಲ್ಲಿ ಹಾಯುತ್ತದೆ ಎಂದು ನೋಡದೆ ಸಲಿಕೆ ಎತ್ತಬೇಡಿ.

ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಅಂಚು ನೋಟಕ್ಕೆ ಚೆಂದ, ಪಾಯಕ್ಕೆ ಕೆಟ್ಟದು. ರಸ್ತೆಗೋ ಮನೆಗೋ ಕಡಿದ ಧರೆ ಇದ್ದರೆ ಅದರ ಎತ್ತರದ ಎರಡು ಪಟ್ಟು ದೂರವನ್ನಾದರೂ ಬಿಡಿ, ಧರೆಯ ಮೇಲಿದ್ದರೂ ಸರಿ, ಬುಡದಲ್ಲಿದ್ದರೂ ಸರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು. ಮಳೆ ನೆನೆದ ಕಡಿದಾದ ಮಣ್ಣು ಏನು ಮಾಡುತ್ತದೆ ಎಂದು ಜಿಲ್ಲೆಗೆ ಹೊಸದಾಗಿ ಹೇಳಬೇಕಿಲ್ಲ. ಇಳಿಜಾರಿನ ಮರಗಳ ಬುಡ ಬಿಲ್ಲಿನಂತೆ ಬಾಗಿದ್ದರೆ, ನೆಲದಲ್ಲಿ ಅರ್ಧಚಂದ್ರಾಕಾರದ ಬಿರುಕಿದ್ದರೆ, ಹಳೆಯ ಬೇಲಿ ಕಂಬಗಳ ಸಾಲು ಒಂದೇ ಕಡೆ ವಾಲಿದ್ದರೆ ಆ ಜಾಗ ಬಿಟ್ಟುಬಿಡಿ. ಅಲ್ಲಿ ನೆಲ ಈಗಾಗಲೇ ನಿಧಾನವಾಗಿ ಇಳಿಯುತ್ತಿದೆ.

ಮುಚ್ಚಿದ ಚಿರೆಕಲ್ಲು (ಜಂಬಿಟ್ಟಿಗೆ) ಕ್ವಾರಿ, ದೊಡ್ಡ ಹುತ್ತ, ಕಡಿದ ದೊಡ್ಡ ಮರದ ಬೊಡ್ಡೆ ಇದ್ದ ಜಾಗ ಇವೂ ಬೇಡ. ಬೊಡ್ಡೆ ಕೊಳೆತಂತೆ ನೆಲ ಕೆಳಗಿನಿಂದ ಟೊಳ್ಳಾಗುತ್ತದೆ. ನಿಂತ ಮರವಿದ್ದರೆ ಕನಿಷ್ಠ ಅದರ ಎತ್ತರದಷ್ಟು ದೂರ ಇರಲಿ, ಗಾಳಿಗೆ ಮರ ಓಲಾಡಿದಾಗ ಬೇರಿನ ಹಾಸು ನೆಲವನ್ನೂ ಅಲ್ಲಾಡಿಸುತ್ತದೆ.

ಊರಿನ ಬಾವಿ ಹೇಳುವುದು

ಪ್ರಯೋಗಾಲಯಕ್ಕೆ ದುಡ್ಡು ಕೊಡುವ ಮೊದಲು ಸುತ್ತಲಿನ ನಾಲ್ಕು ಬಾವಿಗಳನ್ನು ನೋಡಿ ಬನ್ನಿ. ಆಗಸ್ಟಿನಲ್ಲಿ ನೀರು ಎಷ್ಟು ಮೇಲೆ ಬರುತ್ತದೆ, ಮೇನಲ್ಲಿ ಎಷ್ಟು ಕೆಳಗೆ ಹೋಗುತ್ತದೆ ಎಂದು ಹಗ್ಗ ಇಳಿಬಿಟ್ಟು ಅಳೆಯಿರಿ. ಎರಡರ ನಡುವಿನ ಅಂತರವೇ ನಿಮ್ಮ ಪಾಯದ ಕೆಳಗಿನ ಮಣ್ಣು ವರ್ಷಕ್ಕೊಮ್ಮೆ ನೆನೆದು ಒಣಗುವ ಆಳ. ರಿಂಗ್ ಇಳಿಸದ ಬಾವಿಯಾದರೆ ಗೋಡೆಯಲ್ಲಿ ಪದರಗಳೇ ಕಾಣುತ್ತವೆ: ಮೇಲೆ ಕೆಂಪು ಜಲ್ಲಿಮಣ್ಣು, ಅದರ ಕೆಳಗೆ ರಂಧ್ರರಂಧ್ರದ ಚಿರೆಕಲ್ಲು, ಅದರಡಿ ಬಿಳಿ, ನಸುಗುಲಾಬಿ, ಹಳದಿ ಬಣ್ಣದ ಶೇಡಿ ಎಂಬ ಮೆತ್ತನೆಯ ಮಣ್ಣು.

ಬೋರ್‌ವೆಲ್ ಕೊರೆಸಿದವರನ್ನು ಒಂದೇ ಪ್ರಶ್ನೆ ಕೇಳಿ: ‘ಕೇಸಿಂಗ್ ಎಷ್ಟು ಅಡಿ ಇಳೀತು?’ ಬಂಡೆ ಸಿಗುವವರೆಗೆ ಕೇಸಿಂಗ್ ಇಳಿಸುತ್ತಾರೆ. 20 ಅಡಿಗೇ ನಿಂತಿದ್ದರೆ ಬಂಡೆ ಹತ್ತಿರವಿದೆ. 100 ಅಡಿ ಹೋಗಿದ್ದರೆ ನೀವು ನಿಂತಿರುವುದು ಆಳದವರೆಗೆ ಕೊಳೆತ ಶಿಲೆಯ ಮೇಲೆ. ಇಂಥ ಮಾಹಿತಿ ಊರಿನಲ್ಲಿ ಪುಕ್ಕಟೆ ಸಿಗುತ್ತದೆ. ಸಾವಿರಾರು ರೂಪಾಯಿಯ ವರದಿಯಷ್ಟೇ ಅದಕ್ಕೂ ಬೆಲೆಯಿದೆ.

ಪರೀಕ್ಷಾ ಗುಂಡಿ

ಪಾಯ ಬರುವ ಜಾಗದಲ್ಲೇ ಗುಂಡಿ ತೆಗೆಯಬೇಡಿ, ಎರಡು ಮೂರು ಮೀಟರ್ ಪಕ್ಕದಲ್ಲಿ ತೆಗೆಯಿರಿ. ಒಮ್ಮೆ ಅಗೆದು ತುಂಬಿದ ಮಣ್ಣು ಮೊದಲಿನಂತೆ ಎಂದೂ ಗಟ್ಟಿಯಾಗದು. ಒಬ್ಬರು ಇಳಿದು ಹಾರೆ ಆಡಿಸುವಷ್ಟು, ಅಂದರೆ 1 ಮೀಟರ್ ಅಗಲ, 1.5 ಮೀಟರ್ ಉದ್ದ, 1.5 ಮೀಟರ್ ಆಳ ಸಾಕು. ಅದಕ್ಕಿಂತ ಆಳಕ್ಕೆ ಹೋಗುವುದಾದರೆ, ಮರಳು ನೆಲದಲ್ಲಂತೂ ಅಷ್ಟಕ್ಕೂ ಮೊದಲೇ, ಬದಿಗೆ ಹಲಗೆ ಆನಿಸದೆ ಯಾರನ್ನೂ ಇಳಿಸಬೇಡಿ.

ಚಿರೆಕಲ್ಲು ಸಿಕ್ಕಿತೆಂದು ಸಮಾಧಾನಪಡುವ ಮುನ್ನ ಅದು ಎಷ್ಟು ದಪ್ಪ ಎಂದು ತಿಳಿಯಬೇಕು. ಈ ಕಲ್ಲು ಗಾಳಿಗೆ ತೆರೆದುಕೊಂಡ ಮೇಲ್ಮೈಯಲ್ಲಿ ಗಟ್ಟಿ, ಒಳಗೆ ಹೋದಂತೆ ಮೆತ್ತಗೆ. ಹಾರೆಯಿಂದ ಕುಟ್ಟಿ ಕೇಳಿ: ‘ಠಣ್’ ಎಂದರೆ ತುಂಬಿದ ಕಲ್ಲು, ‘ದೊಪ್’ ಎಂದರೆ ಅಡಿಯಲ್ಲಿ ಪೊಳ್ಳು. ಪಾಯದ ಜಾಗದ ನಾಲ್ಕು ಮೂಲೆ ಮತ್ತು ನಡುವೆ ಡ್ರಿಲ್ಲಿಂಗ್ ಯಂತ್ರದಿಂದ 25 ಮಿ.ಮೀ. ತೂತು ಹಾಕಿ 1.5 ಮೀಟರ್ ಇಳಿಸಿ. ಯಾವ ಆಳದಲ್ಲಿ ಬಿಟ್ ಸಲೀಸಾಗಿ ಜಾರಿತು, ಪುಡಿಯ ಬಣ್ಣ ಎಲ್ಲಿ ಕೆಂಪಿನಿಂದ ಬಿಳಿಗೆ ತಿರುಗಿತು ಎಂದು ಬರೆದುಕೊಳ್ಳಿ. ಐದೂ ತೂತುಗಳಲ್ಲಿ ಒಂದೇ ಬಗೆ ಬಂದರೆ ಒಳ್ಳೆಯ ನೆಲ. ಒಂದು ಮೂಲೆಯಲ್ಲಿ 40 ಸೆಂ.ಮೀ.ಗೇ ಬಿಳಿ ಬಂದು, ಎದುರು ಮೂಲೆಯಲ್ಲಿ ಪೂರ್ತಿ ಕೆಂಪೇ ಇದ್ದರೆ ಆ ಪಾಯ ಮಳೆಗಾಲದಲ್ಲಿ ವಾಲುವ ದಿಕ್ಕನ್ನು ಈಗಲೇ ಹೇಳಬಹುದು. ಪೂರ್ತಿ ಮೆತ್ತನೆಯ ನೆಲಕ್ಕಿಂತ ಅರ್ಧ ಗಟ್ಟಿ ಅರ್ಧ ಮೆತ್ತನೆಯ ನೆಲವೇ ನಮಗೆ ಹೆಚ್ಚು ಅಪಾಯ.

ಇನ್ನು ಶೇಡಿ. ಒಣಗಿದಾಗ ಇದು ಮೋಸ ಮಾಡುತ್ತದೆ. ಮೇ ತಿಂಗಳಲ್ಲಿ ಪಿಕಾಸಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಗುಂಡಿಯಿಂದ ಅಡಿಕೆ ಗಾತ್ರದ ಒಂದು ಹೆಂಟೆ ತೆಗೆದು ಎರಡು ದಿನ ಒಣಗಿಸಿ, ಗಾಜಿನ ಲೋಟದ ನೀರಿಗೆ ಮೆಲ್ಲಗೆ ಇಳಿಬಿಡಿ. ಚಿರೆಕಲ್ಲಿನ ಚೂರು ಗುಳ್ಳೆ ಬಿಟ್ಟು ಹಾಗೆಯೇ ಕೂರುತ್ತದೆ. ಶೇಡಿಯಾದರೆ ಮೊದಲು ಅಂಚು ಉದುರುತ್ತದೆ, ಆಮೇಲೆ ಹೆಂಟೆ ಬಿರಿಯುತ್ತದೆ, ಕೆಲವೇ ನಿಮಿಷದಲ್ಲಿ ತಳದಲ್ಲಿ ಹಿಟ್ಟಿನ ಗುಪ್ಪೆಯಾಗಿ ಮೇಲಿನ ನೀರು ಅಕ್ಕಿ ತೊಳೆದ ನೀರಿನಂತಾಗುತ್ತದೆ. ನೆಲದೊಳಗೆ ಹರಿಯುವ ನೀರು ಮಾಡುವುದೂ ಇದನ್ನೇ. ಗಟ್ಟಿ ಕಲ್ಲಿನ ಹೊದಿಕೆಯ ಕೆಳಗೆ ಶೇಡಿಯನ್ನು ಕಣಕಣವಾಗಿ ಹೊತ್ತೊಯ್ದು ಸುರಂಗ ಮಾಡುತ್ತದೆ, ಮೇಲಿನ ಕಲ್ಲು ಒಂದು ದಿನ ಕುಸಿಯುತ್ತದೆ.

ಆದ್ದರಿಂದ ಘಟ್ಟದ ಮೇಲಿನ ನಿಯಮ ಇದು: ಗಟ್ಟಿ ಚಿರೆಕಲ್ಲು ಸಿಕ್ಕಿದಲ್ಲೇ ನಿಲ್ಲಿಸಿ. ‘ಇನ್ನೂ ಎರಡಡಿ ಹೋಗುವ, ಗಟ್ಟಿ ಆಗ್ತದೆ’ ಎಂದು ಅಗೆಯುತ್ತ ಹೋದರೆ ಗಟ್ಟಿ ಪದರವನ್ನು ಕಡಿದು ಬಿಸಾಕಿ ಶೇಡಿಯ ಮೇಲೆ ಪಾಯ ಕೂರಿಸಿದಂತೆ. ಆಳ ಹೆಚ್ಚಿದಷ್ಟೂ ಪಾಯ ಭದ್ರ ಎಂಬ ನಂಬಿಕೆ ಬಯಲುಸೀಮೆಯಲ್ಲಿ ನಡೆದೀತು, ಇಲ್ಲಿ ನಡೆಯದು. ಪಾಯದ ತಳದಿಂದ ಕೆಳಗೆ ಪಾಯದ ಅಗಲದಷ್ಟಾದರೂ, ಅಂದರೆ 1.2 ಮೀಟರ್, ಗಟ್ಟಿ ಕಲ್ಲು ಉಳಿಯಬೇಕು. ಪೊಳ್ಳುಗಳಿದ್ದರೆ ಸಡಿಲ ಮಣ್ಣು ಕೆದರಿ ತೆಗೆದು ತೆಳು ಕಾಂಕ್ರೀಟ್ ಸುರಿದು ತುಂಬಿ.

ಬೇಸಿಗೆಯಲ್ಲಿ ಬಿರುಕು ಬಿಡುವ ಗದ್ದೆ ಬಯಲಿನ ಜೇಡಿಗೆ ಸೀಮೆಎಣ್ಣೆ ಪರೀಕ್ಷೆ ಮಾಡಿ. ಒಣಗಿಸಿ ನುಣ್ಣಗೆ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು 100 ಮಿ.ಲೀ. ಅಳತೆ ಜಾಡಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಕಲಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಜಾಡಿಯಲ್ಲಿ ಮಣ್ಣಿನ ಮಟ್ಟ ಅದಕ್ಕಿಂತ ಒಂದೂವರೆ ಪಟ್ಟು ದಾಟಿದರೆ, ಅಂದರೆ ಉಬ್ಬು ಶೇಕಡಾ 50 ಮೀರಿದರೆ, ಬೇರೆ ಜಾಗ ಹುಡುಕಿ.

ಮರಳು, ಗಜನಿ

ಕಾರವಾರ, ಅಂಕೋಲಾ, ಹೊನ್ನಾವರದ ಕಡಲಂಚಿನ ಮರಳು ಕೆಟ್ಟ ನೆಲವಲ್ಲ. ಅದು ಉಬ್ಬುವುದಿಲ್ಲ, ನೀರು ನಿಲ್ಲಿಸುವುದಿಲ್ಲ. ತೊಂದರೆ ಬರುವುದು ಸಡಿಲವಾಗಿದ್ದಾಗ. 12 ಮಿ.ಮೀ. ಸರಳನ್ನು ಎರಡು ಕೈಯಲ್ಲಿ ಒತ್ತಿದರೆ ಅರ್ಧ ಮೀಟರಿಗಿಂತ ಹೆಚ್ಚು ಇಳಿದರೆ ಅದು ಸಡಿಲ ಮರಳು. ಇಲ್ಲಿ ಆಳಕ್ಕಿಂತ ಅಗಲ ಮುಖ್ಯ: 1.8 ಮೀಟರ್ ಚೌಕದ ಪಾಯ ಮಾಡಿ. ಅದರಡಿ 60 ಸೆಂ.ಮೀ. ಮರಳು ತೆಗೆದು, 15 ಸೆಂ.ಮೀ. ಪದರಗಳಲ್ಲಿ ನೀರು ಚಿಮುಕಿಸಿ ಪ್ಲೇಟ್ ಕಂಪ್ಯಾಕ್ಟರಿನಿಂದ ಕುಟ್ಟಿ ಮತ್ತೆ ತುಂಬಿ. ಗುಂಡಿಯಲ್ಲಿ ಒರತೆ ಬಂತೆಂದು ಪಂಪು ಹಚ್ಚಿ ನೀರೆತ್ತಿದರೆ, ಕೆಳಗಿನಿಂದ ನುಗ್ಗುವ ನೀರು ತಳದ ಮರಳನ್ನು ಕುದಿಸಿದಂತೆ ಸಡಿಲಿಸುತ್ತದೆ. ಮೇ ತಿಂಗಳ ಮೊದಲ ವಾರಗಳಲ್ಲಿ ನೀರು ತಳ ಹಿಡಿದಾಗ ಕೆಲಸ ಮುಗಿಸಿಕೊಳ್ಳಿ, ಅದೂ ನೀರಿನ ಮಟ್ಟದಿಂದ ಅರ್ಧ ಮೀಟರ್ ಮೇಲೆಯೇ.

ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳ ಅಳಿವೆಯ ಬದಿಯ ಗಜನಿ ಭೂಮಿ ಕಗ್ಗ ಭತ್ತಕ್ಕೆ ಸೈ, ದೂರದರ್ಶಕಕ್ಕಲ್ಲ. ಉಪ್ಪುನೀರು ದಿನಕ್ಕೆರಡು ಸಲ ಏರಿಳಿಯುವ ಕರಿ ಕೆಸರಿನ ಮೇಲೆ ಕಂಬ ವರ್ಷಗಟ್ಟಲೆ ಇಳಿಯುತ್ತಲೇ ಇರುತ್ತದೆ. ಅದರ ಮೇಲೆ ಕೆಂಪು ಮಣ್ಣು ತುಂಬಿಸಿ ಎತ್ತರಿಸಿದ ನಿವೇಶನ ಇನ್ನೂ ಕೆಟ್ಟದ್ದು: ತುಂಬಿದ ಮಣ್ಣಿನ ಭಾರಕ್ಕೇ ಕೆಸರು ಕುಗ್ಗುತ್ತದೆ, ನಿಮ್ಮ ಕಂಬ ಇರಲಿ ಬಿಡಲಿ.

ಕಟ್ಟುವುದು ಹವ್ಯಾಸಕ್ಕೆ ಆದರೆ ಇಷ್ಟು ಸಾಕು. ಶಾಲೆ ಕಾಲೇಜಿನ ಗುಮ್ಮಟ, ಅರ್ಧ ಮೀಟರಿಗಿಂತ ದೊಡ್ಡ ಕನ್ನಡಿ, ಸಡಿಲ ಮರಳು, ತುಂಬಿದ ನೆಲ ಇವುಗಳಲ್ಲಿ ಒಂದಿದ್ದರೂ ಬೋರ್ ಹಾಕಿಸಿ ಎಸ್‌ಪಿಟಿ, ಅಂದರೆ ಸುತ್ತಿಗೆಯ ಪೆಟ್ಟಿನಿಂದ ನೆಲದ ಬಿಗಿತ ಅಳೆಯುವ ಪರೀಕ್ಷೆ, ಮಾಡಿಸಿ. ಐಎಸ್ (ಭಾರತೀಯ ಮಾನಕ) 2131 ಪ್ರಕಾರ 63.5 ಕಿಲೋ ಸುತ್ತಿಗೆ 75 ಸೆಂ.ಮೀ. ಎತ್ತರದಿಂದ ಬೀಳಬೇಕು, 45 ಸೆಂ.ಮೀ. ಇಳಿಸಿ, ಮೊದಲ 15 ಬಿಟ್ಟು ಉಳಿದ 30 ಸೆಂ.ಮೀ.ಗೆ ಬಿದ್ದ ಪೆಟ್ಟಿನ ಲೆಕ್ಕವೇ ಎನ್ ಮೌಲ್ಯ. ಮರಳಿನಲ್ಲಿ 10ಕ್ಕಿಂತ ಕಡಿಮೆ ಎಂದರೆ ಸಡಿಲ, 30 ದಾಟಿದರೆ ಬಿಗಿ. ಜೇಡಿಯಲ್ಲಿ 4ಕ್ಕಿಂತ ಕಡಿಮೆ ಬಂದರೆ ಮೆತ್ತಗೆ. ಆದರೆ ಒಂದು ಎಚ್ಚರ: ಬೇಸಿಗೆಯಲ್ಲಿ ಒಣ ಶೇಡಿಯಲ್ಲಿ ಬಂದ ದೊಡ್ಡ ಸಂಖ್ಯೆಯನ್ನು ನಂಬಬೇಡಿ. ಆ ಪದರದ ಪರೀಕ್ಷೆ ಮಳೆ ನಿಂತ ಕೂಡಲೇ ಆಗಲಿ.

ಕಂಬ, ಪಾಯ

30 ಸೆಂ.ಮೀ. ವ್ಯಾಸದ, ಒಂದೂವರೆ ಮೀಟರ್ ಎತ್ತರದ ಎಂ25 ದರ್ಜೆಯ ಕಾಂಕ್ರೀಟ್ ಕಂಬದ ತುದಿಯನ್ನು ಒಂದು ಕಿಲೋ ಬಲದಲ್ಲಿ ಪಕ್ಕಕ್ಕೆ ತಳ್ಳಿದರೆ ಅದು ಬಾಗುವುದು ಕಾಲು ಆರ್ಕ್‌ಸೆಕೆಂಡಿಗಿಂತ ಕಡಿಮೆ. 40 ಸೆಂ.ಮೀ. ಮಾಡಿದರೆ ಅದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. ಅದೇ ತಳ್ಳುವಿಕೆಗೆ ಮೆತ್ತನೆಯ ಕೆಸರು ಜೇಡಿಯ ಮೇಲಿನ ಪಾಯ ಒಂದು ಆರ್ಕ್‌ಸೆಕೆಂಡಿಗೂ ಹೆಚ್ಚು ಓಲಾಡಬಹುದು. ಪಾಯ ಓಲಾಡದಂತೆ ತಡೆಯುವ ಬಿಗಿತ ಅದರ ಅಗಲದ ಘನಕ್ಕೆ ಏರುತ್ತದೆ: 90 ಸೆಂ.ಮೀ.ನಿಂದ 1.2 ಮೀಟರಿಗೆ ಹೋದರೆ ಎರಡು ಪಟ್ಟಿಗೂ ಮಿಕ್ಕಿ. ಕಂಬ ದಪ್ಪ ಮಾಡಲು ಖರ್ಚು ಮಾಡುವವರು ಪಾಯ ಅಗಲ ಮಾಡಲು ಹಿಂಜರಿಯುತ್ತಾರೆ. ದುಡ್ಡು ಹೋಗಬೇಕಾದದ್ದು ಪಾಯಕ್ಕೆ.

ತಳಕ್ಕೆ 75 ಮಿ.ಮೀ. ದಪ್ಪದ 1:4:8 (ಸಿಮೆಂಟ್, ಮರಳು, ಜಲ್ಲಿ) ಬೆಡ್ ಹಾಕಿ. ಪಾಯಕ್ಕೆ 12 ಮಿ.ಮೀ. ಸರಳು ಎರಡೂ ದಿಕ್ಕಿಗೆ 15 ಸೆಂ.ಮೀ.ಗೊಂದು. ಕಂಬಕ್ಕೆ 12 ಮಿ.ಮೀ.ದ 8 ಸರಳು, ಬುಡದಲ್ಲಿ 30 ಸೆಂ.ಮೀ. ಎಲ್ ಬಾಗು, 8 ಮಿ.ಮೀ. ರಿಂಗು 15 ಸೆಂ.ಮೀ.ಗೊಂದು. ಸರಳಿನ ಸುತ್ತ 50 ಮಿ.ಮೀ. ಕವರ್ ಬಿಡಲು ಸಿಮೆಂಟಿನ ಕವರ್ ಬ್ಲಾಕ್ ಇಡಿ. ಚಿರೆಕಲ್ಲಿನ ಚೂರೋ ಹಲಗೆ ತುಂಡೋ ಇಟ್ಟರೆ ಆ ದಾರಿಯಲ್ಲೇ ನೀರು ಸರಳಿಗೆ ಮುಟ್ಟುತ್ತದೆ. ಒಟ್ಟು ಕಾಂಕ್ರೀಟ್ ಮುಕ್ಕಾಲು ಘನ ಮೀಟರಿಗಿಂತ ಸ್ವಲ್ಪ ಹೆಚ್ಚು, ಸಿಮೆಂಟ್ ಸುಮಾರು 7 ಚೀಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಎಂ25 ಸಾಕು. ಕರಾವಳಿಗೆ ಐಎಸ್ 456 ಹೇಳುವುದು ಕನಿಷ್ಠ ಎಂ30, ಘನ ಮೀಟರಿಗೆ 320 ಕಿಲೋಗೆ ಕಡಿಮೆಯಿಲ್ಲದ ಸಿಮೆಂಟ್, ನೀರು–ಸಿಮೆಂಟ್ ಅನುಪಾತ 0.45, ಅಂದರೆ ಚೀಲಕ್ಕೆ 22 ಲೀಟರ್ ಚಿಲ್ಲರೆ, ಮರಳಿನ ತೇವವೂ ಅದರಲ್ಲೇ ಸೇರಿ. ಅಲೆಯ ಸಿಂಪಡಿಕೆ ನೇರ ತಾಗುವಲ್ಲಿ ಎಂ35. ಅಳಿವೆ ಹತ್ತಿರದ ನದಿ ಮರಳು ನಾಲಿಗೆಗೆ ಉಪ್ಪೆನಿಸಿದರೆ ಬೇಡವೇ ಬೇಡ, ಎಂ-ಸ್ಯಾಂಡ್ ತರಿಸಿ. ಬಾವಿಯ ನೀರಿಗೂ ಅದೇ ಪರೀಕ್ಷೆ. ಕಂಬದ ತುದಿಯ ನಾಲ್ಕು 16 ಮಿ.ಮೀ. ಬೋಲ್ಟು 40 ಸೆಂ.ಮೀ. ಒಳಗಿಳಿಯಲಿ. ಕಡಲ ಬದಿಯಲ್ಲಿ 304 ದರ್ಜೆಯ ಸ್ಟೇನ್‌ಲೆಸ್‌ಗೂ ಚುಕ್ಕೆ ತುಕ್ಕು ಬರುತ್ತದೆ, 316 ಕೇಳಿ ತನ್ನಿ. ಕಾಂಕ್ರೀಟಿನಿಂದ ಮೇಲೆ ಬೋಲ್ಟು 5 ಸೆಂ.ಮೀ.ಗಿಂತ ಹೆಚ್ಚು ಚಾಚಬಾರದು. ಇಷ್ಟೆಲ್ಲ ಮಾಡಿ ಕೊನೆಗೆ ಉದ್ದ ಬೋಲ್ಟಿನ ಮೇಲೆ ತಟ್ಟೆ ನಿಲ್ಲಿಸಿದರೆ ಅಲುಗಾಟ ಅಲ್ಲೇ ಬರುತ್ತದೆ.

ಕಂಬ ಕೋಣೆಯ ಯಾವ ಭಾಗವನ್ನೂ ಮುಟ್ಟಬಾರದು. ಇದಕ್ಕೆ ನಮ್ಮಲ್ಲಿ ಸುಲಭದ ವಸ್ತುವಿದೆ, ಮೂರಡಿಯ ಬಾವಿ ರಿಂಗು. ಪಾಯದ ಮೇಲೆ ಕಂಬದ ಸುತ್ತ ಎರಡು ಮೂರು ರಿಂಗು ಜೋಡಿಸಿ. ಮಣ್ಣು ತುಂಬುವುದು, ನೆಲ ಹಾಕುವುದು ಎಲ್ಲ ರಿಂಗಿನ ಹೊರಗೆ. ಒಳಗೆ ಖಾಲಿ ಇರಲಿ. ತಳದಿಂದ 50 ಮಿ.ಮೀ. ಪೈಪು ಇಳಿಜಾರಿನ ಕಡೆ ಹೊರಗೆ ಹೋಗಲಿ, ಬಾಯಿಗೆ ಜಾಲರಿ ಕಟ್ಟಿ. ಮೇಲಿನ ಸಂದನ್ನು ರಬ್ಬರ್ ಹಾಳೆಯಿಂದ ಮುಚ್ಚಿ, ಇಲ್ಲದಿದ್ದರೆ ಹಾವು ಇಲಿಗೆ ಅದೇ ಮನೆ. ಗೋಡೆಯ ಪಾಯಕ್ಕೂ ಕಂಬದ ಪಾಯಕ್ಕೂ ಅಂಚಿನಿಂದ ಅಂಚಿಗೆ 60 ಸೆಂ.ಮೀ. ಬಿಡಿ.

ನೀರು, ಸಿಡಿಲು, ರೈಲು

ತೋಟಕ್ಕೆ ಬಸಿಗಾಲುವೆ ತೆಗೆಯುವವರಿಗೆ ಇದನ್ನು ಕಲಿಸಬೇಕಿಲ್ಲ: ಮೇಲ್ಗಡೆಯಿಂದ ಬರುವ ನೀರನ್ನು ಕೋಣೆಯಿಂದ 3 ಮೀಟರ್ ಮೊದಲೇ ಕಾಲುವೆ ಹೊಡೆದು ಪಕ್ಕಕ್ಕೆ ತಿರುಗಿಸಿ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದೆ ದೋಣಿ ಹಿಡಿದು ದೂರ ಹೋಗಲಿ. ಇಂಗುಗುಂಡಿ ಒಳ್ಳೆಯ ಕೆಲಸವೇ, ಆದರೆ ವೀಕ್ಷಣಾಲಯದ ಮೇಲ್ಗಡೆ 10 ಮೀಟರಿನೊಳಗೆ ಬೇಡ. ಅದರ ನೀರು ಚಿರೆಕಲ್ಲಿನ ಸಂದಿಯಿಂದ ನೇರ ನಿಮ್ಮ ಪಾಯದಡಿಯ ಶೇಡಿಗೆ ಇಳಿಯುತ್ತದೆ.

ಏಪ್ರಿಲ್–ಮೇ ಗುಡುಗು ಮಳೆಗೆ ಬೋಳು ಬೇಣದ (ಹುಲ್ಲುಗುಡ್ಡದ) ಮೇಲಿನ ಒಂಟಿ ಕೋಣೆ ಸಿಡಿಲಿಗೆ ಸುಲಭದ ಗುರಿ. ಒಣ ಚಿರೆಕಲ್ಲು ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ಒಂದು ಅರ್ಥ್ ರಾಡ್ ಹೊಡೆದು ಮುಗಿಯಿತೆನ್ನಬೇಡಿ. ಕೆಳಗಿನ ತೇವದ ಜಾಗಕ್ಕೆ ತಾಮ್ರದ ಪಟ್ಟಿ ಎಳೆದು, 3 ಮೀಟರಿನ ಮೂರು ರಾಡುಗಳನ್ನು 6 ಮೀಟರಿಗೊಂದರಂತೆ ಇಳಿಸಿ ಜೋಡಿಸಿ. ಅಳತೆ ಏಪ್ರಿಲಿನಲ್ಲಿ ಮಾಡಿಸಿ, 10 ಓಮ್ ಒಳಗೆ ಬರಬೇಕು. ಮಳೆಗಾಲದ ಅಳತೆ ಯಾವಾಗಲೂ ಚೆನ್ನಾಗಿಯೇ ಬರುತ್ತದೆ.

ಕರಾವಳಿಯಲ್ಲಿ ಕೊಂಕಣ ರೈಲು ಮತ್ತು 66ನೇ ಹೆದ್ದಾರಿ ಹತ್ತಿರವಿದ್ದರೆ ಜಾಗ ಖಾಯಂ ಮಾಡುವ ಮೊದಲು ಒಂದು ರಾತ್ರಿ ಕೂರಿ. ನೆಲಕ್ಕೆ ಮೂರು ಚಪ್ಪಡಿ ಹುಗಿದು ಅದರ ಮೇಲೆ ಮುಕ್ಕಾಲಿಯಲ್ಲಿ ದೂರದರ್ಶಕ ನಿಲ್ಲಿಸಿ, 200 ಪಟ್ಟು ವರ್ಧನೆಯಲ್ಲಿ ಪ್ರಕಾಶಮಾನ ನಕ್ಷತ್ರ ಹಿಡಿದು, ಗೂಡ್ಸ್ ಗಾಡಿ ಹಾಯುವಾಗ ನೋಡಿ. ನಕ್ಷತ್ರ ಗೆರೆಯಾಗಿ ನಡುಗಿದರೆ ಎಷ್ಟು ಸೆಕೆಂಡ್ ಎಂದು ಬರೆದುಕೊಳ್ಳಿ. ಯಾವ ಪಾಯವೂ ಆ ನಡುಕವನ್ನು ಪೂರ್ತಿ ನಿಲ್ಲಿಸದು, ದೂರ ಮಾತ್ರ ನಿಲ್ಲಿಸುತ್ತದೆ.

ಕಟ್ಟಿದ ಮೇಲೆ

ಕನಿಷ್ಠ 10 ದಿನ ಗೋಣಿ ಸುತ್ತಿ ನೀರುಣಿಸಿ, 28 ದಿನದವರೆಗೆ ಮೌಂಟು ಏರಿಸಬೇಡಿ. ಮೇನಲ್ಲಿ ಕಟ್ಟಿದರೆ ಒಂದು ಮಳೆಗಾಲ ಖಾಲಿ ಕಂಬವನ್ನೇ ಬಿಡುವುದು ಉತ್ತಮ.

ಮೀಟರಿಗೆ 0.02 ಮಿ.ಮೀ. ತೋರಿಸುವ ಫಿಟ್ಟರುಗಳ ಸ್ಪಿರಿಟ್ ಲೆವೆಲ್ ಒಂದು ತನ್ನಿ. ಅದರ ಒಂದು ಗೆರೆ ಎಂದರೆ 4 ಆರ್ಕ್‌ಸೆಕೆಂಡ್. ಕಂಬದ ತಲೆಯ ತಟ್ಟೆಯ ಮೇಲೆ ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ ಎರಡು ಜಾಗಕ್ಕೆ ಗುರುತು ಹಾಕಿ, ಪ್ರತಿ ಸಲ ಅಲ್ಲೇ ಇಟ್ಟು, ಲೆವೆಲನ್ನು ತಿರುಗಿಸಿ ಇನ್ನೊಮ್ಮೆ ಓದಿ, ಎರಡರ ಸರಾಸರಿ ಬರೆಯಿರಿ. ಮೇ ಕೊನೆ, ಜುಲೈ, ಸೆಪ್ಟೆಂಬರ್, ನವೆಂಬರ್, ಫೆಬ್ರವರಿ ಇಷ್ಟು ಸಲ, ಬೆಳಿಗ್ಗೆ ಬಿಸಿಲು ಬೀಳುವ ಮೊದಲು.

ಎರಡು ವರ್ಷದ ಅಂಕಿ ಕೈಯಲ್ಲಿದ್ದರೆ ನೆಲದ ಸ್ವಭಾವ ತಿಳಿಯುತ್ತದೆ. ಮಳೆಗಾಲದಲ್ಲಿ ಹೋಗಿ ಫೆಬ್ರವರಿಗೆ ಮರಳಿ ಅಲ್ಲಿಗೇ ಬಂದರೆ ಅದು ಮಣ್ಣು ನೆನೆದು ಒಣಗುವ ಉಸಿರಾಟ. ಡಿಸೆಂಬರಿನಲ್ಲಿ ಒಮ್ಮೆ ಧ್ರುವಕ್ಕೆ ಹೊಂದಿಸಿಕೊಂಡರೆ ಆಯಿತು. ಪ್ರತಿ ವರ್ಷ ಒಂದೇ ದಿಕ್ಕಿಗೆ ಸರಿಯುತ್ತ, ಹಿಂದೆ ಬಾರದಿದ್ದರೆ ಮೌಂಟಿನ ಅಡಿ ವಾಷರ್ ಇಟ್ಟು ಸರಿಮಾಡುವ ಮೊದಲು ಜೋರು ಮಳೆಯಲ್ಲಿ ಕೊಡೆ ಹಿಡಿದು ಹೋಗಿ, ಕಂಬ ವಾಲುತ್ತಿರುವ ಬದಿಯಲ್ಲಿ ನೀರು ಎಲ್ಲಿ ನೆಲದೊಳಗೆ ಇಳಿಯುತ್ತಿದೆ ಎಂದು ಹುಡುಕಿ.